ತೂಕ ಇಳಿದದ್ದು ಹೇಗೆ?

ಸಕ್ಕರೆ ಕಾಯಿಲೆ ಪತ್ತೆಯಾದವರಿಗೆ ಡಾಕ್ಟರು ಹೇಳುವ ಮೊದಲ ಮಾತುಗಳಲ್ಲಿ ‘ತೂಕ ಇಳಿಸಿ’ ಎಂಬುದೂ ಒಂದು. ಆ ಮಾತಿಗೇ ಎದುರು ನಿಂತಂತೆ ಕಂಡ ಅಧ್ಯಯನವೊಂದು 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಪ್ರಕಟವಾಯಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮರ್ಸಿಡಿಸ್ ಕಾರ್ನೆಥನ್ ಮತ್ತು ಸಂಗಡಿಗರು ಐದು ದೀರ್ಘಕಾಲದ ಅಧ್ಯಯನಗಳ ದಾಖಲೆಗಳಿಂದ, ಹೊಸದಾಗಿ ಮಧುಮೇಹ ಬಂದ 2,625 ಮಂದಿಯ ವಿವರ ಹೆಕ್ಕಿದ್ದರು. ಅವರಲ್ಲಿ ಹೆಚ್ಚುಕಡಿಮೆ ಎಂಟಕ್ಕೊಬ್ಬರು ಕಾಯಿಲೆ ಬಂದಾಗ ದಪ್ಪಗೇನೂ ಇರಲಿಲ್ಲ. ಪುಸ್ತಕ ಹೇಳುವ ಪ್ರಕಾರ ಅವರದು ‘ಸರಿಯಾದ’ ತೂಕ. ಆದರೆ ವಯಸ್ಸು, ರಕ್ತದೊತ್ತಡ, ಧೂಮಪಾನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಈ ಗುಂಪಿನವರ ಸಾವಿನ ಪ್ರಮಾಣ ದಪ್ಪಗಿದ್ದವರದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು.

2015ರಲ್ಲಿ ಇಂಗ್ಲೆಂಡಿನ ಹಲ್ ನಗರದಿಂದಲೂ ಇಂಥದೇ ವರದಿ ಬಂತು. ಅಲ್ಲಿ 10,568 ಮಧುಮೇಹಿಗಳನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಲಾಗಿತ್ತು. ಸ್ವಲ್ಪ ದಪ್ಪಗಿದ್ದವರಲ್ಲಿ, ಅಂದರೆ ಬಿಎಂಐ 25ರಿಂದ 30ರ ನಡುವೆ ಇದ್ದವರಲ್ಲಿ, ಸಾವು ಎಲ್ಲರಿಗಿಂತ ಕಡಿಮೆ. (ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಸಿಗುವುದೇ ಬಿಎಂಐ.) ಹೃದಯದ ತೊಂದರೆಗಳು ಮಾತ್ರ ‘ಸರಿಯಾದ’ ತೂಕದವರಿಗಿಂತ ಅವರಲ್ಲೇ ಹೆಚ್ಚಿದ್ದವು. ಪತ್ರಿಕೆಗಳ ತಲೆಬರಹದಲ್ಲಿ ಈ ಎರಡನೇ ಮಾತು ಉಳಿಯಲಿಲ್ಲ. ‘ಸ್ಥೂಲಕಾಯದ ವಿರೋಧಾಭಾಸ’ ಎಂಬ ಹೆಸರು ಉಳಿಯಿತು.

ಹಾಗಾದರೆ ಕೊಬ್ಬು ನಮ್ಮನ್ನು ಕಾಯುತ್ತದೆಯೇ? ಇಲ್ಲ ಎಂದು ನಂಬಲು ಬಲವಾದ ಕಾರಣವಿದೆ. 2014ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದರು. ನರ್ಸುಗಳು ಮತ್ತು ಇತರ ಆರೋಗ್ಯ ವೃತ್ತಿಯವರ ಎರಡು ದೊಡ್ಡ ಅಧ್ಯಯನಗಳಲ್ಲಿ ಮಧುಮೇಹ ಬಂದಿದ್ದ 11,427 ಮಂದಿಯನ್ನು ಅವರು ಆಯ್ದುಕೊಂಡರು. ಕಾಯಿಲೆ ಪತ್ತೆಯಾಗುವ ಮೊದಲೇ ದಾಖಲಾಗಿದ್ದ ತೂಕವನ್ನು ಗಣನೆಗೆ ತೆಗೆದುಕೊಂಡರು. ಎಂದೂ ಸಿಗರೇಟು ಸೇದದವರನ್ನು ಬೇರೆಯಾಗಿ ನೋಡಿದರು. ಅಲ್ಲಿಗೆ ವಿರೋಧಾಭಾಸ ಕರಗಿಹೋಯಿತು. ಎಲ್ಲಕ್ಕಿಂತ ಕಡಿಮೆ ಅಪಾಯವಿದ್ದದ್ದು ಬಿಎಂಐ 22.5ರಿಂದ 25ರೊಳಗೆ ಇದ್ದವರಿಗೆ. ಅಲ್ಲಿಂದ ಮೇಲಕ್ಕೆ ತೂಕ ಏರಿದಂತೆಲ್ಲ ಅಪಾಯವೂ ಏರಿತು. 35 ದಾಟಿದವರಲ್ಲಿ ಅದು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಆಗಿತ್ತು.

ಹೀಗೇಕೆ? ಸಿಗರೇಟು ಮನುಷ್ಯನನ್ನು ಸಣ್ಣಗೂ ಇಡುತ್ತದೆ, ಬೇಗ ಕೊಲ್ಲುತ್ತದೆ ಕೂಡ. ಸೇದುವವರು ಸಣ್ಣಗಿರುವವರ ಗುಂಪಿನಲ್ಲಿ ಸೇರಿಕೊಂಡಾಗ ಸಾವಿನ ಲೆಕ್ಕ ತೆಳುದೇಹದ ತಲೆಗೆ ಬೀಳುತ್ತದೆ. ಕಾಯಿಲೆಯೂ ಹಾಗೆಯೇ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳಿಗೆ ಅಷ್ಟನ್ನೂ ಮರಳಿ ಹೀರಿಕೊಳ್ಳಲಾಗುವುದಿಲ್ಲ. ಉಳಿದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ದಿನಕ್ಕೆ 100 ಗ್ರಾಂ ಸಕ್ಕರೆ ಹಾಗೆ ಹರಿದುಹೋದರೆ 400 ಕ್ಯಾಲರಿ ನಷ್ಟ. ಆ ಕೊರತೆ ತುಂಬಲು ದೇಹ ತನ್ನ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ. ‘ಶುಗರ್ ಬಂದು ಸೊರಗಿಹೋದರು’ ಎಂದು ನಾವು ಹೇಳುವುದು ಇದನ್ನೇ. ಕ್ಷಯ, ಹೃದಯದ ವೈಫಲ್ಯ, ಬಚ್ಚಿಟ್ಟುಕೊಂಡ ಕ್ಯಾನ್ಸರ್ ಕೂಡ ತೂಕ ಇಳಿಸುತ್ತವೆ. ವಯಸ್ಸಾದವರಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಂಡು, ಜೊತೆಗೇ ತೂಕವೂ ಇಳಿಯುತ್ತಿದ್ದರೆ ಕೆಲವೊಮ್ಮೆ ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಮುನ್ಸೂಚನೆ. ಇಂಥವರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ತೋರುವ ಅಂಕಿ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಸಂಗತಿ ಇದೆ. ಬೊಜ್ಜಿಲ್ಲದವರಿಗೂ ಮಧುಮೇಹ ಬಂದಿದೆ ಎಂದಾದರೆ ಬೊಜ್ಜಲ್ಲದ ಬೇರೇನೋ ಅದಕ್ಕೆ ಕಾರಣವಾಗಿರಬಹುದು. ಅನೇಕರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೇ ಸೋತಿರುತ್ತವೆ. ಅವರಿಗೆ ‘ತೂಕ ಇಳಿಸಿ, ಸರಿಹೋಗುತ್ತದೆ’ ಎಂಬ ಸಲಹೆ ಕೊಡುವುದು ತಪ್ಪು. ಇನ್ಸುಲಿನ್ ಬೇಗನೆ ಬೇಕಾಗಬಹುದು.

ಭಾರತೀಯರಿಗೆ ಈ ಚರ್ಚೆ ಇನ್ನಷ್ಟು ಹತ್ತಿರದ್ದು. 2004ರಲ್ಲಿ ‘ಲ್ಯಾನ್ಸೆಟ್’ ಒಂದು ಫೋಟೊ ಪ್ರಕಟಿಸಿತು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್, ಇಬ್ಬರು ವೈದ್ಯರು ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಒಂದೇ: 22.3. ಆದರೆ ಮ್ಯಾರಥಾನ್ ಓಡುವ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು 9.1 ಶೇಕಡ, ಯಾಜ್ಞಿಕ್ ಅವರಲ್ಲಿ 21.2 ಶೇಕಡ. ನಮ್ಮ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತಮುತ್ತ ಕೊಬ್ಬು ಕೂತಿರುತ್ತದೆ, ಸ್ನಾಯು ಕಡಿಮೆ ಇರುತ್ತದೆ ಎಂಬುದನ್ನು ಆ ಒಂದು ಚಿತ್ರ ಮನದಟ್ಟು ಮಾಡಿತು. 2021ರಲ್ಲಿ ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ಬಿಳಿಯರಿಗೆ ಬಿಎಂಐ 30ರಲ್ಲಿ ಇರುವಷ್ಟು ಮಧುಮೇಹದ ಅಪಾಯ ದಕ್ಷಿಣ ಏಷ್ಯಾ ಮೂಲದವರಿಗೆ 23.9ರಲ್ಲೇ ಇರುವುದು ಕಂಡುಬಂತು. ಇಂಥ ವ್ಯತ್ಯಾಸದಿಂದಾಗಿಯೇ ನಮ್ಮಲ್ಲಿ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. ಸೊಂಟದ ಸುತ್ತಳತೆಯೂ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಹಲ್ ನಗರದ ‘ಸ್ವಲ್ಪ ದಪ್ಪ’ವನ್ನು ಹಾಸನಕ್ಕೋ ಹುಬ್ಬಳ್ಳಿಗೋ ತಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಬೇಕೆಂದೇ ಇಳಿಸಿದ ತೂಕದ ಕಥೆ ಬೇರೆ. ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗದಲ್ಲಿ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯಷ್ಟೇ ಆಹಾರ ತೆಗೆದುಕೊಂಡ ಗುಂಪಿನಲ್ಲಿ 46 ಶೇಕಡ ಮಂದಿ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಮಧುಮೇಹದ ಮಿತಿಯಿಂದ ಹೊರಬಂದಿದ್ದರು. 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ 86 ಶೇಕಡ. ಹಾಗೆಂದು ತೂಕ ಇಳಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. 5,145 ಮಂದಿ ಭಾಗವಹಿಸಿದ ಅಮೆರಿಕದ ‘ಲುಕ್ ಅಹೆಡ್’ ಪ್ರಯೋಗದಲ್ಲಿ ಆಹಾರ, ವ್ಯಾಯಾಮದಿಂದ ತೂಕ ಇಳಿದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ; 2012ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಮನೆಗಳ ಹಿರಿಯರ ಸ್ಥಿತಿ. ಶುಗರ್ ಎಂದೊಡನೆ ರಾತ್ರಿಯೂಟ ಬಿಟ್ಟು, ಎರಡು ಒಣ ಚಪಾತಿಗೋ ಒಂದು ಲೋಟ ಗಂಜಿಗೋ ಇಳಿದುಬಿಡುವ ಅಜ್ಜ ಅಜ್ಜಿಯರಿದ್ದಾರೆ. ತೂಕ ಇಳಿದಾಗ ಮನೆಯವರು ಖುಷಿಪಡುತ್ತಾರೆ. ಆದರೆ ಕರಗಿದ್ದರಲ್ಲಿ ಸ್ನಾಯುವೂ ಇರುತ್ತದೆ. ಊಟ ಮಾಡಿದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಅದೇ ಕರಗಿಹೋದರೆ ಸಕ್ಕರೆ ಹತೋಟಿಯೂ ತಪ್ಪುತ್ತದೆ, ಎದ್ದು ನಡೆಯುವ ಶಕ್ತಿಯೂ ಕುಂದುತ್ತದೆ, ಬಿದ್ದು ಮೂಳೆ ಮುರಿಯುವ ಭಯ ಬೇರೆ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಅವರ ತಟ್ಟೆಗೆ ಕಾಳು, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಧಾರಾಳವಾಗಿ ಬೀಳಬೇಕು.

ಪ್ರಯತ್ನವಿಲ್ಲದೆ ಪ್ಯಾಂಟು ಸಡಿಲವಾಗಿದೆಯೇ, ರವಿಕೆ ದೊಗಳೆಯಾಗಿದೆಯೇ, ಎಷ್ಟು ತಿಂಗಳಿಂದ ಎಂಬುದನ್ನು ಡಾಕ್ಟರು ಕೇಳದಿದ್ದರೂ ನಾವೇ ಹೇಳಬೇಕು. ಕೈಹಿಡಿತದ ಬಲ ಅಳೆಯುವ ಒಂದು ಸಣ್ಣ ಉಪಕರಣವಿದೆ. ಏಷ್ಯಾದವರಿಗೆಂದು 2019ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಬಂದರೆ ಸ್ನಾಯುಬಲ ಕುಂದಿದೆ ಎಂದರ್ಥ. ಅದೂ ಇಲ್ಲದಿದ್ದರೆ ಕುರ್ಚಿಯೊಂದು ಸಾಕು: ಕೈ ಊರದೆ ಐದು ಬಾರಿ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಸ್ನಾಯುಗಳನ್ನು ವಿಚಾರಿಸಿಕೊಳ್ಳಬೇಕು. ಮಧುಮೇಹಿಗಳು ಬರುವ ಪ್ರತಿ ಚಿಕಿತ್ಸಾಲಯದಲ್ಲೂ ತೂಕದ ಯಂತ್ರವಿರುತ್ತದೆ. ಅದರ ಪಕ್ಕದಲ್ಲಿ ಒಂದು ಟೇಪು, ಒಂದು ಕುರ್ಚಿ ಇಡಲು ಯಾವ ಅಡ್ಡಿಯೂ ಇಲ್ಲ.