ಮೋತಿಬಿಂದು ಕಾಯುತ್ತದೆ, ಕಣ್ಣಿನ ಪರದೆ ಕಾಯುವುದಿಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹಿರಿಯರೊಬ್ಬರು ಕಣ್ಣು ಮಂಜಾಯಿತು ಎಂದರೆ ಮನೆಯವರ ಬಾಯಿಗೆ ಮೊದಲು ಬರುವ ಹೆಸರು ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಅದರ ಬೆನ್ನಿಗೇ ಬರುವ ಮಾತು, ‘ಇನ್ನೂ ಬಲಿತಿಲ್ಲ, ಸುಗ್ಗಿ ಮುಗೀಲಿ, ನೋಡೋಣು’. ಈ ಮಾತು ಅಜ್ಞಾನದಿಂದ ಹುಟ್ಟಿದ್ದಲ್ಲ, ಅನುಭವದಿಂದ ಹುಟ್ಟಿದ್ದು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1940ರ ದಶಕದಿಂದ ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರ ಹೆಸರಿನಲ್ಲಿದೆ. ಶಿಬಿರ ಬರಲಿ ಎಂದು ವರ್ಷಗಟ್ಟಲೆ ಕಾದ ಅಜ್ಜ ಅಜ್ಜಿಯರಿಗೂ ದೃಷ್ಟಿ ಮರಳಿತು. ಹೀಗಾಗಿ ಕಣ್ಣಿನ ವಿಷಯದಲ್ಲಿ ಕಾಯ್ದರೆ ನಷ್ಟವಿಲ್ಲ ಎಂಬ ನಂಬಿಕೆ ಮನೆಮನೆಯಲ್ಲಿ ಬೇರೂರಿತು. ಮೋತಿಬಿಂದುವಿನ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ತನ್ನ ಜಾಗದಿಂದ ಕಳಚುವ ಬೇನೆಗೆ ಅದೇ ನಂಬಿಕೆಯನ್ನು ಹಚ್ಚಿದರೆ ಉಳಿಯಬಹುದಾಗಿದ್ದ ಕಣ್ಣು ಹೋಗುತ್ತದೆ. ಆಸ್ಪತ್ರೆಯ ದೂರ, ಖರ್ಚು, ತಜ್ಞರ ಕೊರತೆ ಇವೆಲ್ಲ ನಿಜವಾದ ತೊಂದರೆಗಳು. ಆದರೂ ಇಲ್ಲಿಂದ ಬೆಳಗಾವಿಗೆ ಬಸ್ಸಿನ ದಾರಿ ಕೆಲವೇ ಗಂಟೆಗಳದು. ಈ ಬೇನೆಯಲ್ಲಿ ಆಗುವ ತಡ ಮಾತ್ರ ವಾರಗಳ ಲೆಕ್ಕದ್ದು. ಆ ವಾರಗಳು ಕಳೆಯುವುದು ರಸ್ತೆಯ ಮೇಲಲ್ಲ, ಮನೆಯಲ್ಲಿ.

ರೆಟಿನಾ ಎಂಬುದು ಕಣ್ಣಿನ ಒಳಗೋಡೆಯ ಹಿಂಭಾಗಕ್ಕೆ ಹಾಸಿದ ಅತಿ ತೆಳುವಾದ ನರಪದರ. ಬೆಳಕನ್ನು ಹಿಡಿದು ಮೆದುಳಿಗೆ ಕಳಿಸುವ ಕೆಲಸ ಅದರದು. ಅದರ ಹೊರಪದರದಲ್ಲಿರುವ ಬೆಳಕು ಹಿಡಿಯುವ ಜೀವಕಣಗಳಿಗೆ ಆಮ್ಲಜನಕ, ಆಹಾರ ಎರಡೂ ಹಿಂದಿನ ರಕ್ತನಾಳಗಳ ಪದರದಿಂದಲೇ ಬರಬೇಕು. ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯಂಥ ದ್ರವ ವಯಸ್ಸಾದಂತೆ ನೀರಾಗಿ, ಕುಗ್ಗಿ, ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಐವತ್ತು ಅರವತ್ತು ದಾಟಿದ ಬಹಳ ಜನರಲ್ಲಿ ಇದು ಸದ್ದಿಲ್ಲದೆ ನಡೆದುಹೋಗುವ ಸಹಜ ಬದಲಾವಣೆ. ಕೆಲವರಲ್ಲಿ ಮಾತ್ರ ಲೋಳೆ ಒಂದು ಕಡೆ ಗಟ್ಟಿಯಾಗಿ ಅಂಟಿಕೊಂಡಿದ್ದು, ಬಿಡಿಸಿಕೊಳ್ಳುವಾಗ ಪರದೆಯನ್ನೇ ಹರಿಯುತ್ತದೆ. ಹಳೆಯ ಗೋಡೆಯ ಗಿಲಾವಿನಲ್ಲಿ ಬಿರುಕು ಬಿಟ್ಟಾಗ ಮಳೆನೀರು ಅದರ ಹಿಂದೆ ಸೇರಿ ಗಿಲಾವು ಉಬ್ಬಿ ಕಳಚುವಂತೆ, ಆ ತೂತಿನಿಂದ ನೀರು ಪರದೆಯ ಹಿಂದೆ ನುಗ್ಗುತ್ತದೆ. ಕಳಚಿದ ಭಾಗಕ್ಕೆ ಆಹಾರ ನಿಲ್ಲುತ್ತದೆ, ಕಣಗಳು ದಿನದಿಂದ ದಿನಕ್ಕೆ ಸಾಯುತ್ತವೆ. ಪರದೆಯ ನಟ್ಟನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗವಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖ ಗುರುತಿಸುವುದು ಎಲ್ಲವೂ ಅದರಿಂದ. ಕಳಚುವಿಕೆ ಅಲ್ಲಿಯವರೆಗೆ ಬಂದಿದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ಬೇನೆಯ ದೊಡ್ಡ ಮೋಸವೆಂದರೆ ನೋವಿಲ್ಲದಿರುವುದು. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಕಬ್ಬಿನ ರವದಿ ತಾಗಿ ಕಣ್ಣು ಉರಿದರೆ ಅದೇ ದಿನ ದವಾಖಾನೆಗೆ ಓಡುವ ರೈತ, ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾದರೆ ‘ಉಷ್ಣ ಆಗೈತಿ’ ಎಂದು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಮಲಗುತ್ತಾನೆ. ಗುರುತಿಡಬೇಕಾದ ಸೂಚನೆಗಳು ಹೆಚ್ಚಿಲ್ಲ. ಕತ್ತಲೆಯಲ್ಲಿ ಅಥವಾ ಕಣ್ಣು ಹೊರಳಿಸಿದಾಗ ಅಂಚಿನಲ್ಲಿ ಮಿಂಚಿನ ಗೆರೆ; ಇದ್ದಕ್ಕಿದ್ದಂತೆ ಕಣ್ಣ ಮುಂದೆ ಹೊಸದಾಗಿ ತೇಲುವ ಕಪ್ಪು ಚುಕ್ಕೆಗಳು, ನೂಲಿನೆಳೆ, ಜೇಡರ ಬಲೆಯಂಥ ನೆರಳು, ಕೆಲವೊಮ್ಮೆ ಮಸಿ ಸುರಿದಂತೆ; ಕೊನೆಗೆ ಒಂದು ಬದಿಯಿಂದ ಸರಿದು ಬರುವ ಕಪ್ಪು ನೆರಳು. ಈ ಮೂರರಲ್ಲಿ ಕೊನೆಯದು ಕಂಡರೆ ಪರದೆ ಆಗಲೇ ಕಳಚತೊಡಗಿದೆ ಎಂದೇ ತಿಳಿಯಬೇಕು. ಕಣ್ಣಿನೊಳಗೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಮೇಲ್ಭಾಗ ಕಳಚಿದರೆ ನೆರಳು ಕೆಳಗಿನಿಂದ ಏರುತ್ತದೆ. ಮೇಲೆ ಸೇರಿದ ನೀರು ತನ್ನ ಭಾರಕ್ಕೇ ಕೆಳಗಿಳಿದು ನಡುಭಾಗವನ್ನು ಬೇಗ ಮುಟ್ಟುತ್ತದೆ. ಆದ್ದರಿಂದ ಕೆಳಗಿನಿಂದ ಏರುವ ನೆರಳು ಕಂಡವರು ಹೆಚ್ಚು ಅವಸರ ಮಾಡಬೇಕು. ಇನ್ನೊಂದು ತೊಡಕೂ ಇದೆ: ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಒಂದು ಕಣ್ಣು ಕೈಯಿಂದ ಮುಚ್ಚಿ ಎದುರಿನ ಬಾಗಿಲ ಚೌಕಟ್ಟನ್ನು ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದರೆ ನಿಜ ತಿಳಿಯುತ್ತದೆ. ಅರ್ಧ ನಿಮಿಷದ ಈ ಕೆಲಸಕ್ಕೆ ಕಾಸೂ ಬೇಡ, ಸಲಕರಣೆಯೂ ಬೇಡ.

ಒಂದು ನೂರು ವರ್ಷದ ಹಿಂದೆ ಈ ಬೇನೆಗೆ ಮದ್ದೇ ಇರಲಿಲ್ಲ. ರೋಗಿಯನ್ನು ತಿಂಗಳುಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು, ಗುಣವಾದವರು ಕೈಬೆರಳೆಣಿಕೆಯಷ್ಟು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೈದ್ಯ ಜೂಲ್ಸ್ ಗೊನಿನ್ 1920ರ ದಶಕದಲ್ಲಿ ಎಲ್ಲರೂ ತಳ್ಳಿಹಾಕಿದ್ದ ಮಾತೊಂದನ್ನು ಹಟ ಹಿಡಿದು ಸಾಧಿಸಿದರು: ಪರದೆಯಲ್ಲಿನ ತೂತು ಬೇನೆಯ ಪರಿಣಾಮವಲ್ಲ, ಮೂಲ, ತೂತು ಹುಡುಕಿ ಮುಚ್ಚಿದರೆ ಪರದೆ ಮತ್ತೆ ಅಂಟುತ್ತದೆ. 1929ರ ಆಂಸ್ಟರ್‌ಡಾಂ ಸಮ್ಮೇಳನದ ಹೊತ್ತಿಗೆ ಜಗತ್ತು ಅವರ ಮಾತನ್ನು ಒಪ್ಪಿತು. ಕಣ್ಣಿನ ಹೊರಗೋಡೆಗೆ ಸಿಲಿಕಾನ್ ಪಟ್ಟಿ ಕಟ್ಟುವುದು, 1970ರ ದಶಕದಿಂದ ಬಂದ, ಒಳಗಿನ ಲೋಳೆಯನ್ನೇ ತೆಗೆದು ಗ್ಯಾಸ್ ಅಥವಾ ಎಣ್ಣೆ ತುಂಬುವ ವಿಟ್ರೆಕ್ಟಮಿ, ಹೀಗೆ ಇಂದಿನ ಶಸ್ತ್ರಚಿಕಿತ್ಸೆಗಳೆಲ್ಲ ನಿಂತಿರುವುದು ಗೊನಿನ್ ಹಾಕಿದ ಆ ಒಂದೇ ತಳಪಾಯದ ಮೇಲೆ. ಅವರ ಮಾತಿನಲ್ಲಿ ನಮ್ಮ ಹಳ್ಳಿಗಳಿಗೆ ಬೇಕಾದ ಇನ್ನೊಂದು ಅರ್ಥವೂ ಅಡಗಿದೆ. ತೂತು ಮೊದಲು, ಕಳಚುವುದು ಆಮೇಲೆ ಎಂದಾದರೆ ನಡುವೆ ಒಂದು ಬಿಡುವಿದೆ. ಮಿಂಚು, ಚುಕ್ಕೆ ಕಾಣುವ ದಿನಗಳೇ ಆ ಬಿಡುವು. ಲಕ್ಷಣ ತೋರಿದ ಹರಿದ ತೂತನ್ನು ಹಾಗೇ ಬಿಟ್ಟರೆ ಸುಮಾರು ಅರ್ಧದಷ್ಟು ಜನರಲ್ಲಿ ಪರದೆ ಕಳಚುತ್ತದೆ. ಆಗಲೇ ತೂತಿನ ಸುತ್ತ ಲೇಸರ್ ಬೆಸುಗೆ ಹಾಕಿದರೆ ಅದು ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಲೇಸರ್‌ಗೆ ಹಿಡಿಯುವುದು ಕೆಲವು ನಿಮಿಷ, ಅದೇ ದಿನ ಮನೆಗೆ ಮರಳಬಹುದು. ಆ ಬಿಡುವು ಕಳೆದರೆ ದೊಡ್ಡ ಶಸ್ತ್ರಚಿಕಿತ್ಸೆ, ವಾರಗಳ ವಿಶ್ರಾಂತಿ, ಹಲವು ಪಟ್ಟು ಖರ್ಚು. ಪರದೆ ಕಳಚತೊಡಗಿದ್ದರೂ ನಡುಭಾಗ ಇನ್ನೂ ಅಂಟಿಕೊಂಡಿದ್ದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ನಡುಭಾಗವೂ ಬಿಟ್ಟಿದ್ದರೆ ಹೆಚ್ಚೆಂದರೆ ಒಂದು ವಾರದೊಳಗೆ. ಭಾರತದ ಆಸ್ಪತ್ರೆಗಳಿಗೆ ಬರುವ ಇಂಥ ರೋಗಿಗಳಲ್ಲಿ ಹೆಚ್ಚಿನವರು ನಡುಭಾಗ ಬಿಟ್ಟ ಮೇಲೆಯೇ ಬರುತ್ತಾರೆ ಎಂಬುದು ಕಣ್ಣಿನ ತಜ್ಞರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ವರ್ಷಕ್ಕೆ ಹತ್ತು ಸಾವಿರದಲ್ಲಿ ಒಬ್ಬರಿಗೆ ಬರುವ ಬೇನೆಗೆ ಊರಿಗೆ ಊರನ್ನೇ ಹೆದರಿಸಬೇಕೇ? ಈ ಮೂರು ತಾಲೂಕುಗಳ ಜನಸಂಖ್ಯೆಯನ್ನು ಹತ್ತು ಲಕ್ಷದ ಆಸುಪಾಸು ಎಂದು ಹಿಡಿದರೆ, ಜಗತ್ತಿನ ಆ ಲೆಕ್ಕದಂತೆ ಇಲ್ಲಿ ವರ್ಷಕ್ಕೆ ನೂರರ ಹತ್ತಿರ ಜನರಿಗೆ ಇದು ಬರುತ್ತದೆ. ಅಂದರೆ ವಾರಕ್ಕೆ ಇಬ್ಬರು. ಅಪರೂಪ ಎನ್ನುವ ಮಾತು ಒಬ್ಬ ವ್ಯಕ್ತಿಗೆ ಒಪ್ಪುತ್ತದೆ, ಒಂದು ಸೀಮೆಗೆ ಒಪ್ಪುವುದಿಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಚುಕ್ಕೆ ತೇಲುವುದು ಎಷ್ಟೋ ಜನರಿಗೆ ಇದೆ, ಅವರೆಲ್ಲ ಬೆಳಗಾವಿಗೆ ಹೊರಟರೆ ದುಡಿಮೆ ಕೆಡುತ್ತದೆ, ಆಸ್ಪತ್ರೆಯೂ ತುಂಬುತ್ತದೆ. ವರ್ಷಗಳಿಂದ ಇರುವ, ಹೆಚ್ಚು ಕಡಿಮೆ ಆಗದ ಒಂದೆರಡು ಚುಕ್ಕೆಗಳಿಗೆ ಅವಸರ ಬೇಡ ಎಂಬುದು ಸರಿ. ಆದರೆ ಹೊಸದಾಗಿ, ಇದ್ದಕ್ಕಿದ್ದಂತೆ ಚುಕ್ಕೆ ಅಥವಾ ಮಿಂಚು ಕಂಡು ಕಣ್ಣಿನ ವೈದ್ಯರ ಬಳಿ ಹೋದವರನ್ನು ಪರೀಕ್ಷಿಸಿದಾಗ ಸುಮಾರು ಏಳು ಜನರಲ್ಲಿ ಒಬ್ಬರ ಪರದೆಯಲ್ಲಿ ತೂತು ಕಂಡಿದೆ. ಒಬ್ಬರ ಕಣ್ಣು ಉಳಿಸಲು ಆರು ಜನ ಒಂದು ದಿನದ ಕೂಲಿ ಬಿಡುವುದು ದುಬಾರಿಯೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರು ಆ ಒಬ್ಬರು ಎಂದು ನೋಡದೆ ಹೇಳಲು ಯಾರಿಗೂ ಸಾಧ್ಯವಿಲ್ಲ. ಚಷ್ಮಾ ಅಂಗಡಿಯ ನಂಬರ್ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಔಷಧದ ಅಂಗಡಿಯ ಡ್ರಾಪ್ಸ್‌ನಿಂದ ಕಡಿಮೆಯಾಗುವುದೂ ಇಲ್ಲ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ, ತಲೆಗೆ ಕಟ್ಟಿದ ಬೆಳಕಿನ ಉಪಕರಣದಿಂದ ಪರದೆಯ ಅಂಚಿನವರೆಗೆ ನೋಡಿದರೆ ಮಾತ್ರ ತೂತು ಕಾಣುತ್ತದೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಂಜಾಗಿರುವುದರಿಂದ ಜೊತೆಗೊಬ್ಬರು ಇರಬೇಕು, ಬೈಕ್ ತಾವೇ ಓಡಿಸಿಕೊಂಡು ಹೋಗಬಾರದು.

ಎಲ್ಲಿಗೆ ಹೋಗಬೇಕು? ಹುಕ್ಕೇರಿ, ಸಂಕೇಶ್ವರದವರಿಗೆ ರಾಷ್ಟ್ರೀಯ ಹೆದ್ದಾರಿ ಒಂದು ಕಡೆ ಬೆಳಗಾವಿಗೆ, ಇನ್ನೊಂದು ಕಡೆ ಕೊಲ್ಲಾಪುರಕ್ಕೆ ಒಯ್ಯುತ್ತದೆ. ಗೋಕಾಕ, ಮೂಡಲಗಿಯವರಿಗೆ ಘಟಪ್ರಭಾ ನಿಲ್ದಾಣದಿಂದ ಬೆಳಗಾವಿಗೂ ಮಿರಜಕ್ಕೂ ರೈಲಿದೆ. ಬೆಳಗಾವಿಯಲ್ಲಿ ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆ, ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಗಳಿವೆ, ಹುಬ್ಬಳ್ಳಿಯಲ್ಲಿ ಎಂ.ಎಂ. ಜೋಶಿ ನೇತ್ರ ಸಂಸ್ಥೆಯಿದೆ. ಹೊರಡುವ ಮುಂಚೆ ಫೋನ್ ಮಾಡಿ ‘ರೆಟಿನಾ ಡಾಕ್ಟರ್ ಇವತ್ತು ಇದ್ದಾರೇನ್ರಿ’ ಎಂದು ಕೇಳುವುದು ಒಂದು ಇಡೀ ದಿನ ಉಳಿಸುತ್ತದೆ. ಊರಿನಲ್ಲೇ ಕಣ್ಣಿನ ವೈದ್ಯರಿದ್ದರೆ ಅದೇ ದಿನ ಮೊದಲು ಅವರಿಗೆ ತೋರಿಸಿ ಚೀಟಿ ಪಡೆಯುವುದು ಒಳ್ಳೆಯದು. ದುಡ್ಡಿನ ಮಾತು ಬಂದಾಗ ಬಹಳ ಮನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸಹಕಾರ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಇದೆ. ನಿಮ್ಮ ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ, ಈ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಅದೇ ಫೋನಿನಲ್ಲಿ ಕೇಳಬಹುದು. ಕಾರ್ಡು, ಆಧಾರ್ ಕೈಚೀಲದಲ್ಲಿಟ್ಟುಕೊಂಡೇ ಹೊರಡಬೇಕು. ಕಾರ್ಡು ಹುಡುಕುವುದಕ್ಕಾಗಿ ನಾಳೆಗೆ ಮುಂದೂಡಬಾರದು, ಅದನ್ನು ಮನೆಯವರು ಹಿಂದಿನಿಂದ ತಂದು ಮುಟ್ಟಿಸಬಹುದು.

‘ಆಪರೇಷನ್ ಮಾಡಿಸಿದರೂ ಅವರಿಗೆ ಕಣ್ಣು ಬರಲಿಲ್ಲ’ ಎಂಬ ಮಾತು ಊರಲ್ಲಿ ಒಮ್ಮೆ ಹಬ್ಬಿದರೆ ಮುಂದಿನ ರೋಗಿ ಮನೆಯಲ್ಲೇ ಉಳಿಯುತ್ತಾನೆ. ಈ ಮಾತಿಗೆ ಉತ್ತರ ಕೊಡಲೇಬೇಕು. ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಹತ್ತರಲ್ಲಿ ಎಂಟು ಒಂಬತ್ತು ಕಣ್ಣುಗಳಲ್ಲಿ ಪರದೆ ಅಂಟುತ್ತದೆ. ಅಂಟುವುದು ಬೇರೆ, ಕಾಣುವುದು ಬೇರೆ. ವಾರಗಟ್ಟಲೆ ಆಹಾರವಿಲ್ಲದೆ ಸತ್ತ ಕಣಗಳನ್ನು ಯಾವ ವೈದ್ಯರೂ ಬದುಕಿಸಲಾರರು. ತಡವಾದಷ್ಟೂ ಪರದೆಯ ಮೇಲೆ ಗಾಯದ ಕಲೆಯಂಥ ಪೊರೆ ಬೆಳೆದು ಅದು ಮತ್ತೆ ಕಳಚುವ ಅಪಾಯವೂ ಹೆಚ್ಚುತ್ತದೆ. ಸೋತ ಶಸ್ತ್ರಚಿಕಿತ್ಸೆಗಳ ಕಥೆಗಳಲ್ಲಿ ಬಹಳಷ್ಟು ತಡವಾಗಿ ಹೋದವರ ಕಥೆಗಳೇ. ಅವುಗಳಿಂದ ಹೋಗುವುದೇ ಬೇಡ ಎಂಬ ತೀರ್ಮಾನಕ್ಕೆ ಬರುವುದು ಸಾಕ್ಷ್ಯವನ್ನು ತಲೆಕೆಳಗಾಗಿ ಓದಿದ ಹಾಗೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳೂ ಸುಲಭವಲ್ಲ, ಮನೆಯವರು ಅದಕ್ಕೆ ಸಿದ್ಧರಾಗಬೇಕು. ಗ್ಯಾಸ್ ತುಂಬಿದ್ದರೆ ವೈದ್ಯರು ಹೇಳಿದ ಭಂಗಿಯಲ್ಲಿ, ಕೆಲವೊಮ್ಮೆ ದಿನವಿಡೀ ಮುಖ ಕೆಳಗೆ ಮಾಡಿ, ಹಲವು ದಿನ ಇರಬೇಕಾಗುತ್ತದೆ. ಗ್ಯಾಸ್ ಕರಗುವವರೆಗೆ ವಿಮಾನ ಹತ್ತಕೂಡದು. ಎತ್ತರಕ್ಕೆ ಹೋದಂತೆ ಅದು ಹಿಗ್ಗಿ ಕಣ್ಣಿನ ಒತ್ತಡ ಏರಿಸುತ್ತದೆ. ಆ ಅವಧಿಯಲ್ಲಿ ಬೇರೆ ಯಾವುದಾದರೂ ಶಸ್ತ್ರಚಿಕಿತ್ಸೆ ಬಂದರೆ ಅರಿವಳಿಕೆ ಕೊಡುವ ವೈದ್ಯರಿಗೆ ಕಣ್ಣಿನಲ್ಲಿ ಗ್ಯಾಸ್ ಇದೆ ಎಂದು ಹೇಳಲೇಬೇಕು. ಸಿಲಿಕಾನ್ ಎಣ್ಣೆ ತುಂಬಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕು. ಕಣ್ಣು ಚೆನ್ನಾಗಿದೆ ಎಂದು ಆ ಸರದಿಗೆ ಹೋಗದಿರುವವರು ಒತ್ತಡ ಏರಿ ತೊಂದರೆಗೆ ಸಿಲುಕಬಹುದು. ದೃಷ್ಟಿ ತಿಂಗಳುಗಳ ಕಾಲ ನಿಧಾನವಾಗಿ ಸುಧಾರಿಸುವುದರಿಂದ ಮೊದಲ ವಾರದಲ್ಲೇ ಎದೆಗುಂದುವ ಕಾರಣವಿಲ್ಲ.

ಯಾರು ಹೆಚ್ಚು ಎಚ್ಚರದಿಂದಿರಬೇಕು ಎಂಬುದೂ ಗೊತ್ತಿರುವ ವಿಷಯ. ದೂರದ್ದು ಕಾಣದೆ ಹೆಚ್ಚು ಮೈನಸ್ ನಂಬರಿನ ಚಷ್ಮಾ ಹಾಕುವವರು. ಒಂದು ಕಣ್ಣಿನಲ್ಲಿ ಈಗಾಗಲೇ ಹೀಗಾದವರು. ಮನೆತನದಲ್ಲಿ ಯಾರಿಗಾದರೂ ಆಗಿದ್ದವರು. ಕಣ್ಣಿಗೆ ಬಲವಾದ ಪೆಟ್ಟು ಬಿದ್ದವರು. ಪೆಟ್ಟಿನ ನಂತರ ಪರದೆ ಕಳಚುವುದು ತಿಂಗಳುಗಳಾದ ಮೇಲೂ ಆಗಬಹುದು. ಮೋತಿಬಿಂದು ಶಸ್ತ್ರಚಿಕಿತ್ಸೆಯಾದವರಲ್ಲೂ ಅಪಾಯ ತುಸು ಹೆಚ್ಚು, ಆದರೆ ಅದು ಎಷ್ಟು ಚಿಕ್ಕದೆಂದರೆ ಅದಕ್ಕಾಗಿ ಪೊರೆ ತೆಗೆಸದಿರುವುದು ತಪ್ಪು. ತೆಗೆಸಿದ ಮೇಲೆ ಹೊಸ ಮಿಂಚು, ಚುಕ್ಕೆ, ನೆರಳು ಕಂಡರೆ ‘ಆಪರೇಷನ್ ಆಗೇತಲ್ಲ, ಸರಿಹೋಗ್ತದ’ ಎಂದು ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪು. ಸಕ್ಕರೆ ಕಾಯಿಲೆಯವರಲ್ಲಿ ಇದು ಬೇರೆ ದಾರಿಯಿಂದ ಬರುತ್ತದೆ: ಪರದೆಯ ಮೇಲೆ ಬೆಳೆದ ಕೆಟ್ಟ ರಕ್ತನಾಳಗಳ ಪೊರೆ ಅದನ್ನು ಎಳೆದು ಕಳಚುತ್ತದೆ. ಅವರಿಗೆ ಮಿಂಚು ಕಾಣದೆಯೂ ಇರಬಹುದು, ಹಾಗಾಗಿ ಲಕ್ಷಣಕ್ಕೆ ಕಾಯದೆ ವರ್ಷಕ್ಕೊಮ್ಮೆ ಪರದೆ ತೋರಿಸಿಕೊಳ್ಳಬೇಕು.

ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, ಔಷಧ ಮತ್ತು ಚಷ್ಮಾ ಅಂಗಡಿಯವರು, ಸಕ್ಕರೆ ಕಾರ್ಖಾನೆಗಳ ಆರೋಗ್ಯ ವಿಭಾಗದವರು, ಇವರೇ ಈ ಸೀಮೆಯಲ್ಲಿ ಇಂಥ ದೂರನ್ನು ಮೊದಲು ಕೇಳುವ ಕಿವಿಗಳು. ಹೊಸ ಮಿಂಚು, ಹೊಸ ಚುಕ್ಕೆ ಅಥವಾ ನೆರಳು ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಡ್ರಾಪ್ಸ್ ಕೊಟ್ಟು ಕಳಿಸಬೇಡಿ. ಇಂದೇ ರೆಟಿನಾ ತಜ್ಞರ ಕಡೆಗೆ ಕಳಿಸಿ.