ಕ್ಷಮೆಯ ನಂತರದ ಕರ್ತವ್ಯ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರ. 2015ರ ಜೂನ್ 17ರ ಸಂಜೆ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ ಕಪ್ಪು ಜನಾಂಗದ ಭಕ್ತರು ಅಪರಿಚಿತ ಬಿಳಿಯ ಯುವಕನೊಬ್ಬನನ್ನು ಆದರದಿಂದ ಜೊತೆಗೆ ಕೂರಿಸಿಕೊಂಡರು. ಸುಮಾರು ಒಂದು ಗಂಟೆಯ ಬಳಿಕ ಆತ ಪಿಸ್ತೂಲು ತೆಗೆದು, ಪಾದ್ರಿಯೂ ಸೇರಿದಂತೆ ಒಂಬತ್ತು ಮಂದಿಯನ್ನು ಕೊಂದ. ಎರಡೇ ದಿನಗಳಲ್ಲಿ ಹತರ ಕೆಲವು ಬಂಧುಗಳು ನ್ಯಾಯಾಲಯದಲ್ಲಿ ಅವನನ್ನು ಕ್ಷಮಿಸಿರುವುದಾಗಿ ನುಡಿದಾಗ ಜಗತ್ತು ಬೆರಗಾಯಿತು.

ಆ ಕ್ಷಮೆಗೆ ತಲೆಬಾಗಲೇಬೇಕು. ಆದರೆ ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವನನ್ನು ಕಾಡುವ ಸಂಗತಿ ಬೇರೊಂದಿದೆ. ಬಂದೂಕು ಕೊಳ್ಳುವವನ ಪೂರ್ವಾಪರ ಪರಿಶೀಲನೆ ಮೂರು ಕೆಲಸದ ದಿನಗಳಲ್ಲಿ ಮುಗಿಯದಿದ್ದರೆ ವ್ಯಾಪಾರಿ ಅದನ್ನು ಮಾರಬಹುದೆಂದು ಅಲ್ಲಿನ ಒಕ್ಕೂಟ ಕಾನೂನು ಹೇಳುತ್ತದೆ. ಈ ಯುವಕನ ಮೇಲಿದ್ದ ಮಾದಕವಸ್ತು ಪ್ರಕರಣದ ವಿವರ ಸಕಾಲದಲ್ಲಿ ದೊರೆಯಲಿಲ್ಲ; ಗಡುವು ಮೀರಿತು; ಪಿಸ್ತೂಲು ಅವನ ಕೈಸೇರಿತು. 2022ರ ಕಾಯ್ದೆ ಕೆಲವು ಪ್ರಕರಣಗಳಲ್ಲಿ ಗಡುವನ್ನು 10 ಕೆಲಸದ ದಿನಗಳವರೆಗೆ ವಿಸ್ತರಿಸಿತಾದರೂ ಅದು 21 ವರ್ಷದೊಳಗಿನ ಖರೀದಿದಾರರಿಗೆ ಮಾತ್ರ ಅನ್ವಯ. ಚಾರ್ಲ್ಸ್‌ಟನ್ನಿನ ಹಂತಕನಿಗೆ 21 ತುಂಬಿತ್ತು!

ಕ್ಷಮಿಸುವುದು ನೊಂದವರಿಗೆ ಬಿಟ್ಟ ವಿಷಯ. ಅದನ್ನು ಕೊಂಡಾಡಿ ಕೈತೊಳೆದುಕೊಳ್ಳುವ ಅಧಿಕಾರ ಉಳಿದವರಿಗಿಲ್ಲ. ಹಾಗಾದರೆ ಅಲ್ಲಿನ ಚರ್ಚುಗಳು ಮಾಡಬಹುದಾದುದೇನು?

ಬಾಸ್ಟನ್ ನಗರದ ಅನುಭವ ಇಲ್ಲಿ ಉಪಯುಕ್ತ. 1992ರಲ್ಲಿ ಅಲ್ಲಿನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗುಂಡಿಗೆ ಬಲಿಯಾದ ತರುಣನ ಅಂತ್ಯಕ್ರಿಯೆ ನಡೆಯುತ್ತಿರುವಾಗಲೇ ಪುಂಡರ ಗುಂಪೊಂದು ಮತ್ತೊಬ್ಬನ ಮೇಲೆರಗಿತು. ಬೆಚ್ಚಿಬಿದ್ದ ಪಾದ್ರಿಗಳು 'ಟೆನ್ ಪಾಯಿಂಟ್ ಕೊಯಲಿಷನ್' ಎಂಬ ಒಕ್ಕೂಟ ಕಟ್ಟಿದರು. ರಾತ್ರಿವೇಳೆ ಬೀದಿಗಳಲ್ಲಿ ನಡೆದು, ಉಪದೇಶ ಬದಿಗಿಟ್ಟು, ತರುಣರ ಮಾತಿಗೆ ಕಿವಿಗೊಟ್ಟರು. 1996ರಲ್ಲಿ ಆರಂಭವಾದ 'ಆಪರೇಷನ್ ಸೀಸ್‌ಫೈರ್' ಯೋಜನೆಯಲ್ಲಿ ಪೊಲೀಸರೊಡನೆ ಕೈಜೋಡಿಸಿದರು. 1990ರಲ್ಲಿ 152 ಕೊಲೆಗಳಾಗಿದ್ದ ನಗರದಲ್ಲಿ 1999ರ ಸಂಖ್ಯೆ 31. ಆಗ ದೇಶದಾದ್ಯಂತ ಅಪರಾಧಗಳು ತಗ್ಗುತ್ತಿದ್ದುದರಿಂದ ಶ್ರೇಯಸ್ಸೆಲ್ಲ ಪಾದ್ರಿಗಳದೇ ಎನ್ನಲಾಗದು. ಆದರೆ ಯೋಜನೆ ಸಡಿಲಗೊಂಡ ಮೇಲೆ, 2000ದ ನಂತರ ಕೊಲೆಗಳು ಮತ್ತೆ ಹೆಚ್ಚಿದುದನ್ನೂ ಮರೆಯುವಂತಿಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. 2023ರಲ್ಲಿ ಅಮೆರಿಕದಲ್ಲಿ ಬಂದೂಕಿಗೆ ಬಲಿಯಾದ 46 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಅಧಿಕ ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಇಲ್ಲಿ ಕ್ಷಮಿಸಲು ಬೇರೊಬ್ಬ ಹಂತಕನೇ ಇಲ್ಲ. ಮನೆಮನೆಯ ನೋವು ಬಲ್ಲ ಪಾದ್ರಿ, ಮನನೊಂದವನ ಕೈಗೆಟುಕದಂತೆ ಬಂದೂಕನ್ನು ಬೀಗ ಹಾಕಿಡುವಂತೆ ಕುಟುಂಬದವರಿಗೆ ಹೇಳಬಲ್ಲ. ಆ ಮಾತನ್ನು ಸರ್ಕಾರದ ಸುತ್ತೋಲೆಗಿಂತ ಜನ ಹೆಚ್ಚು ನಂಬುತ್ತಾರೆ.

ಬೀದಿಗಿಳಿಯುವುದು, ಮನೆಗಳಿಗೆ ಹೋಗುವುದು, ಕಾನೂನಿನ ಲೋಪ ತಿದ್ದುವಂತೆ ಶಾಸಕರನ್ನು ಒತ್ತಾಯಿಸುವುದು: ಈ ಮೂರೂ ನಡೆದರೆ ಕ್ಷಮಿಸಬೇಕಾದ ಪ್ರಸಂಗಗಳೇ ಕಡಿಮೆಯಾದಾವು. ಚಾರ್ಲ್ಸ್‌ಟನ್ನಿನ ಒಂಬತ್ತು ಮಂದಿಗೆ ಸಲ್ಲಿಸಬೇಕಾದ ಋಣವೂ ಅದೇ.