ಮುಕ್ತಾಯಕ್ಕನ ಶೋಕ, ಪ್ರಭುದೇವರು ಹೇಳದೆ ಬಿಟ್ಟ ಮಾತು

ಮಠದ ಕಾರ್ಯಾಲಯಕ್ಕೆ ಬರುವ ಭಕ್ತರಲ್ಲಿ ಕೆಲವರು ದಾಸೋಹದ ಕಾಣಿಕೆ, ಮಕ್ಕಳ ವಸತಿ ನಿಲಯದ ಪ್ರವೇಶ ಮುಂತಾದ ಕೆಲಸ ಮುಗಿದ ಮೇಲೂ ಎದ್ದು ಹೋಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕಡೆಗೊಂದು ಪ್ರಶ್ನೆ ಕೇಳುತ್ತಾರೆ: ದಿನವೂ ತಪ್ಪದೆ ಲಿಂಗಪೂಜೆ ಮಾಡುತ್ತಿದ್ದವನನ್ನೇ ದೇವರು ಇಷ್ಟು ಬೇಗ ಏಕೆ ಕರೆದುಕೊಂಡ? ಇದಕ್ಕೆ ಸಿದ್ಧ ಉತ್ತರಗಳು ಊರ ತುಂಬ ದೊರೆಯುತ್ತವೆ. ಪೂರ್ವಜನ್ಮದ ಫಲ ಎನ್ನುವವರುಂಟು, ಋಣ ತೀರಿತು ಎನ್ನುವವರುಂಟು. ಮೊದಲಿನ ವರ್ಷಗಳಲ್ಲಿ ನಾನೂ ಅಂಥದೇನನ್ನೋ ಹೇಳಿ ಕಳುಹಿಸುತ್ತಿದ್ದೆ. ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವನ್ನು ಮತ್ತೊಮ್ಮೆ ನಿಧಾನವಾಗಿ ಓದಿದ ಬಳಿಕ ಆ ಧೈರ್ಯ ಉಳಿಯಲಿಲ್ಲ.

ಮುಕ್ತಾಯಕ್ಕ ಹನ್ನೆರಡನೆಯ ಶತಮಾನದ ಶರಣೆ. ಗದಗ ಸಮೀಪದ ಲಕ್ಕುಂಡಿ ಆಕೆಯ ತವರು. ಅಣ್ಣ ಅಜಗಣ್ಣನವರೇ ಆಕೆಗೆ ಗುರು. ಆಕೆಯ ವಚನಗಳ ಅಂಕಿತದಲ್ಲಿಯೂ ಅವರ ಹೆಸರೇ ಇದೆ. ಅಜಗಣ್ಣನವರು ತಮ್ಮ ಭಕ್ತಿಯನ್ನು ಪರರ ಕಣ್ಣಿಗೆ ಬೀಳದಂತೆ ಕಾಪಾಡಿಕೊಂಡ ಗುಪ್ತಭಕ್ತರು. ಮನೆಯ ಬಾಗಿಲವಾಡ ತಲೆಗೆ ತಾಗಿ ಅವರು ಲಿಂಗೈಕ್ಯರಾದರೆಂದು ಪರಂಪರೆ ಹೇಳುತ್ತದೆ. ಅಷ್ಟು ದೊಡ್ಡ ಸಾಧಕರಿಗೆ ಅಷ್ಟು ಸಣ್ಣ ನೆಪ! ಇಂದಿಗೂ ಬಂಧುಗಳನ್ನು ಹೆಚ್ಚು ಕಾಡುವುದು ಇದೇ: ರಸ್ತೆಯ ತಿರುವು, ಒಂದು ದಿನದ ಜ್ವರ, ಜಾರಿದ ಕಾಲು.

ಅಣ್ಣನಿಗಾಗಿ ಕಣ್ಣೀರಿಡುತ್ತಿದ್ದ ಆಕೆಯ ಬಳಿಗೆ ಅಲ್ಲಮಪ್ರಭುದೇವರು ಬರುತ್ತಾರೆ. ನೀನು ಯಾರು, ಯಾರಿಗಾಗಿ ಈ ಶೋಕ ಎಂದು ವಿಚಾರಿಸುತ್ತಾರೆ. ಅರಿವನ್ನು ಪಡೆದವನಿಗಾಗಿ ಅಳುವುದು ಸಲ್ಲದೆಂದು ತಿಳಿಹೇಳುತ್ತಾರೆ. ಮುಕ್ತಾಯಕ್ಕ ತಲೆಬಾಗಿ ಒಪ್ಪಿಬಿಡುವುದಿಲ್ಲ. ನಿಜವಾಗಿ ಅರಿತವರು ಮಾತನ್ನು ದಾಟಿದವರು. ಹಾಗಿರುವಾಗ ಇಷ್ಟು ಮಾತನಾಡುತ್ತಿರುವ ನಿಮಗೆ ಅರಿವು ನೆಲೆಗೊಂಡಿದೆ ಎಂದು ಹೇಗೆ ನಂಬಲಿ ಎಂಬ ಆಶಯದಲ್ಲಿ ಮರುಪ್ರಶ್ನೆ ಹಾಕುತ್ತಾಳೆ. ದುಃಖದ ನಡುವಿನಲ್ಲಿ ಒಬ್ಬ ಹೆಣ್ಣುಮಗಳು ಪ್ರಭುದೇವರ ಜ್ಞಾನವನ್ನೇ ಪರೀಕ್ಷೆಗೆ ಒಡ್ಡಿದ್ದಾಳೆ. ಅವರು ಕೋಪಿಸಿಕೊಳ್ಳಲಿಲ್ಲ, ಎದ್ದು ಹೋಗಲಿಲ್ಲ. ಸಂವಾದ ಬಹುದೂರ ಸಾಗುತ್ತದೆ.

ಆದರೆ ಈ ಪ್ರಸಂಗದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪ್ರಭುದೇವರು ಹೇಳದೆ ಬಿಟ್ಟ ಮಾತು. ಅಜಗಣ್ಣನವರು ಏಕೆ ಹೋದರು ಎಂಬುದಕ್ಕೆ ಕಾರಣ ಒದಗಿಸುವ ಕೆಲಸಕ್ಕೆ ಅವರು ಕೈಹಾಕುವುದೇ ಇಲ್ಲ. ಅವರಂಥವರೇ ಹೇಳದೆ ಬಿಟ್ಟುದನ್ನು ನಾವು ಎರಡು ನಿಮಿಷದಲ್ಲಿ ವಿವರಿಸಲು ಹೊರಡುವುದು ಯಾವ ಬಲದಿಂದ?

ಷಟ್‌ಸ್ಥಲದ ಕ್ರಮವನ್ನು ಇಲ್ಲಿ ನೆನೆಯಬೇಕು. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ. ಅನುಭವಭಕ್ತಿ ಬರುವುದು ನಾಲ್ಕನೆಯದಾದ ಪ್ರಾಣಲಿಂಗಿಸ್ಥಲದಲ್ಲಿ. ಎಲ್ಲವೂ ಅರ್ಥವಾದ ಮೇಲೆ ನಂಬುತ್ತೇನೆ ಎನ್ನುವವನಿಗೆ ಮೊದಲ ಮೆಟ್ಟಿಲಿನಲ್ಲಿಯೇ ಕಾಲಿಡಲು ಎಡೆಯಿಲ್ಲ. ಇಷ್ಟಲಿಂಗವನ್ನೇ ನೋಡಿರಿ. ಬಾಲ್ಯದಿಂದ ಅಂಗೈಯಲ್ಲಿ ಹಿಡಿದು ಪೂಜಿಸಿದವರೂ ಕಪ್ಪು ಹೊದಿಕೆಯ ಒಳಗಿರುವ ಲಿಂಗವನ್ನು ಕಣ್ಣಾರೆ ಕಂಡಿರುವುದಿಲ್ಲ. ಕಾಣದಿದ್ದರೂ ಹಿಡಿದ ಕೈ ಸಡಿಲವಾಗುವುದಿಲ್ಲ.

ಇದನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳುವವರೂ ಇದ್ದಾರೆ, ಅವರಿಗೊಂದು ಮಾತು. ತಿಳಿಯಬಹುದಾದುದನ್ನು ತಿಳಿಯದೆ ದೇವರ ಮೇಲೆ ಹಾಕುವುದು ವಿನಯವಲ್ಲ. ಜ್ವರಕ್ಕೆ ವೈದ್ಯರಿದ್ದಾರೆ, ಅವರ ಬಳಿಗೆ ಹೋಗಬೇಕು. ಅನುಭವ ಮಂಟಪ ಪ್ರಶ್ನಿಸುವವರು ಕೂಡಿದ ಸ್ಥಳವಾಗಿತ್ತು.

ಕಳೆದ ಶ್ರಾವಣದಲ್ಲಿ ತಮ್ಮನನ್ನು ಕಳೆದುಕೊಂಡಿದ್ದ ತಾಯಿಯೊಬ್ಬರು ಕಾರ್ಯಾಲಯಕ್ಕೆ ಬಂದಿದ್ದರು. ಮೂರು ತಿಂಗಳಿಂದ ಕರಡಿಗೆ ತೆರೆದಿಲ್ಲ ಎಂದರು. ಕಾರಣ ಹೇಳುವ ಗೋಜಿಗೆ ಹೋಗದೆ ನಾನು ಮುಕ್ತಾಯಕ್ಕನ ಕಥೆಯನ್ನಷ್ಟೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ:

“ಅತ್ತದ್ದಕ್ಕೆ ಪ್ರಭುದೇವರು ಆಕೆಯನ್ನು ಬೈಯಲಿಲ್ಲವೇ ಸರ್?”

“ಅಳಬಾರದೆಂದು ಹೇಳಿದರು ತಾಯಿ. ಆದರೆ ಆಕೆ ಎದುರು ಮಾತನಾಡಿದಾಗ ಬಿಟ್ಟುಹೋಗಲಿಲ್ಲ.”

ಅಂದು ಸಂಜೆಯ ಸಾಮೂಹಿಕ ಲಿಂಗಪೂಜೆಯಲ್ಲಿ ಅವರು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಕಣ್ಣು ತುಂಬಿಯೇ ಇತ್ತು, ಅಂಗೈಯಲ್ಲಿ ಲಿಂಗವಿತ್ತು.